ನರಗುಂದದಿಂದ ಗಜೇಂದ್ರಗಡಕ್ಕೆ ಎಷ್ಟು ಚೌಕ?

(ಬಾನುಲಿ ಭಾಷಣ)



ಗದಗ ಜಿಲ್ಲೆಯ ನಕಾಶೆ ನೋಡಿದವರಿಗೆ ಒಂದು ಸೋಜಿಗ ಕಂಡಿರಬಹುದು. ಪಶ್ಚಿಮಕ್ಕೆ ನರಗುಂದ, ನಡುವೆ ರೋಣ, ಪೂರ್ವಕ್ಕೆ ಗಜೇಂದ್ರಗಡ. ಮೂರೂ ಊರು ಹೆಚ್ಚು ಕಡಿಮೆ ಒಂದೇ ಗೆರೆಯ ಮೇಲಿವೆ. ಮೂರರ ಅಕ್ಷಾಂಶವೂ 15.7ರ ಆಸುಪಾಸು. ನರಗುಂದದಿಂದ ಗಜೇಂದ್ರಗಡಕ್ಕೆ ಆ ಗೆರೆಯನ್ನು ಎಳೆದರೆ ಉದ್ದ ಅರವತ್ತು ಕಿಲೋಮೀಟರ್ ಚಿಲ್ಲರೆ.

ಗೆರೆ ಒಂದೇ ಆದರೂ ನೆಲ ಒಂದೇ ಅಲ್ಲ. ನರಗುಂದದ ಕಡೆ ಎರೆ ಭೂಮಿ, ಮಲಪ್ರಭೆಯ ಕಾಲುವೆ, ಮಳೆ ಹೆಚ್ಚಾದರೆ ಉಕ್ಕುವ ಬೆಣ್ಣೆಹಳ್ಳ. ರೋಣದ ಸುತ್ತ ಹೆಸರು, ಕಡಲೆ, ಬಿಳಿಜೋಳದ ಬಯಲು. ಗಜೇಂದ್ರಗಡಕ್ಕೆ ಹೋದರೆ ಗುಡ್ಡ, ಗುಡ್ಡದ ಮೇಲೆ ಕೋಟೆ, ಸಾಲು ಸಾಲು ಗಾಳಿಯಂತ್ರ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಸೀಮೆ ಇದು. ಆ ಮಳೆಯೂ ಹಂಚಿಕೊಂಡು ಬೀಳುವುದಿಲ್ಲ. ನರಗುಂದದಲ್ಲಿ ಹದ ಮಳೆಯಾಗಿ ಕೂರಿಗೆ ಹೂಡಿದ ದಿನವೇ ಗಜೇಂದ್ರಗಡದವರು ಮುಗಿಲು ನೋಡುತ್ತ ಕುಳಿತಿರುವುದುಂಟು. ಹೀಗಿರುವಾಗ ‘ಉತ್ತರ ಒಳನಾಡಿನಲ್ಲಿ ಅಲ್ಲಲ್ಲಿ ಮಳೆ’ ಎಂಬ ಮಾತನ್ನು ಇದೇ ರೇಡಿಯೋದಲ್ಲಿ ಕೇಳಿದ ರೈತ, ಆ ‘ಅಲ್ಲಲ್ಲಿ’ಯಲ್ಲಿ ತನ್ನ ಹೊಲ ಸೇರಿದೆಯೋ ಇಲ್ಲವೋ ಎಂದು ಕೇಳುವುದು ನ್ಯಾಯವೇ.

ಆ ‘ಅಲ್ಲಲ್ಲಿ’ಯನ್ನು ಇಷ್ಟಿಷ್ಟಾಗಿ ಚಿಕ್ಕದು ಮಾಡುತ್ತ ಬಂದವರ ಬಗ್ಗೆ ಇವತ್ತು ಮಾತಾಡುತ್ತೇನೆ. ಅವರು ಸೂಪರ್ ಕಂಪ್ಯೂಟರ್ ಕಟ್ಟುವ, ಅದರ ಮೇಲೆ ಲೆಕ್ಕ ಓಡಿಸುವ ವಿಜ್ಞಾನಿಗಳು. ರಾಕೆಟ್ ಹಾರಿದರೆ ಟಿ.ವಿ.ಯಲ್ಲಿ ಕಾಣುತ್ತದೆ. ಇವರ ಕೆಲಸ ತಣ್ಣಗಿನ ಕೋಣೆಯೊಳಗೆ ನಡೆಯುತ್ತದೆ, ಕಾಣುವುದು ಕೊನೆಯ ಉತ್ತರ ಮಾತ್ರ. ಆ ಉತ್ತರ ತಪ್ಪಿದ ದಿನ ಬೈಗುಳ ಹವಾಮಾನ ಇಲಾಖೆಗೆ, ಸರಿಯಾದ ದಿನ ಯಾರೂ ಯಾರನ್ನೂ ನೆನೆಯುವುದಿಲ್ಲ. ಇಂಥ ಕೆಲಸಕ್ಕೆ ಜೀವಮಾನ ಕೊಟ್ಟವರು ಏನು ಮಾಡಿದರು ಎಂಬುದನ್ನು ನಮ್ಮ ಈ ಅರವತ್ತು ಕಿಲೋಮೀಟರ್ ಗೆರೆಯನ್ನೇ ಅಳತೆಗೋಲು ಮಾಡಿಕೊಂಡು ನೋಡೋಣ.

ಹವಾಮಾನವನ್ನು ಲೆಕ್ಕ ಹಾಕಿ ತಿಳಿಯಬಹುದು ಎಂಬ ಆಲೋಚನೆ ಕಂಪ್ಯೂಟರಿಗಿಂತ ಹಳೆಯದು. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1922ರಲ್ಲಿ ಈ ಕುರಿತು ಒಂದು ಪುಸ್ತಕ ಬರೆದ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನ ರಣರಂಗದಲ್ಲಿ ಗಾಯಾಳುಗಳ ಆಂಬ್ಯುಲೆನ್ಸ್ ದಳದಲ್ಲಿ ದುಡಿದವನು ಅವನು. ಭೂಮಿಯ ಮೇಲೆ ಚೌಕಗಳ ಬಲೆ ಹರಡಬೇಕು. ಪ್ರತಿ ಚೌಕದ ಗಾಳಿ, ಒತ್ತಡ, ಉಷ್ಣತೆ, ತೇವ ಇವುಗಳಿಂದ ಹೊರಟು ಮುಂದಿನ ಹೊತ್ತಿಗೆ ಅವು ಎಷ್ಟಾಗುತ್ತವೆಂದು ಸಮೀಕರಣಗಳಿಂದ ಲೆಕ್ಕ ಹಾಕಬೇಕು. ಇದು ಅವನ ಉಪಾಯ. 1910ರ ಮೇ 20ರ ಯುರೋಪಿನ ಹವೆಯನ್ನು ಆರು ಗಂಟೆ ಮುಂದಕ್ಕೆ ತೆಗೆದುಕೊಂಡು ಹೋಗಲು ಅವನು ಕೈಯಿಂದ ಲೆಕ್ಕ ಮಾಡಿದ. ಆರು ಗಂಟೆಯ ಮುನ್ಸೂಚನೆಗೆ ಸುಮಾರು ಆರು ವಾರ ಹಿಡಿಯಿತು. ಬಂದ ಉತ್ತರವೂ ತಪ್ಪು. ಒತ್ತಡ 145 ಮಿಲಿಬಾರ್ ಬದಲಾಗುತ್ತದೆ ಎಂದು ಅವನ ಲೆಕ್ಕ ಹೇಳಿತು, ಆದರೆ ಆ ದಿನ ಒತ್ತಡ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು.

ತಪ್ಪಿದ ಲೆಕ್ಕವನ್ನು ಅವನು ಮುಚ್ಚಿಡದೆ ಹಾಗೇ ಅಚ್ಚು ಹಾಕಿಸಿದ. ಜೊತೆಗೆ ಒಂದು ಕಲ್ಪನೆಯನ್ನೂ ಬರೆದ. ಒಂದು ಬೃಹತ್ ಸಭಾಂಗಣ, ಗೋಡೆಗಳ ಮೇಲೆ ಭೂಪಟ, ಅದರ ಮುಂದೆ 64,000 ಜನ ಲೆಕ್ಕಿಗರು. ಪ್ರತಿಯೊಬ್ಬರಿಗೂ ತಮ್ಮ ಚೌಕದ ಲೆಕ್ಕ. ನಡುವೆ ಎತ್ತರದ ಪೀಠದ ಮೇಲೆ ಒಬ್ಬ ಮುಖ್ಯಸ್ಥ. ಲೆಕ್ಕದಲ್ಲಿ ಮುಂದೆ ಓಡಿದವರ ಮೇಲೆ ಗುಲಾಬಿ ಬೆಳಕು, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು ಚೆಲ್ಲಿ ಎಲ್ಲರನ್ನೂ ಒಂದೇ ನಡಿಗೆಗೆ ತರುವುದು ಅವನ ಕೆಲಸ. ಇಂದಿನ ಸೂಪರ್ ಕಂಪ್ಯೂಟರಿನ ಒಳಗೆ ನಡೆಯುವುದೂ ಇದೇ. ಲೆಕ್ಕಿಗರ ಜಾಗದಲ್ಲಿ ಪ್ರೊಸೆಸರ್‌ಗಳು ಕುಳಿತಿವೆ. ಪೀಠದ ಮೇಲಿನ ಮನುಷ್ಯನ ಜಾಗದಲ್ಲಿ ವಿಜ್ಞಾನಿ ಬರೆದ ಪ್ರೋಗ್ರಾಮ್ ಇದೆ.

ಇಲ್ಲಿ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಸೂಪರ್ ಕಂಪ್ಯೂಟರ್ ಎಂದರೆ ಬಹಳ ಚುರುಕಾದ ಒಂದು ಮಿದುಳು ಎಂದು ಬಹಳ ಜನ ತಿಳಿದಿದ್ದಾರೆ. ಅದರೊಳಗಿನ ಒಂದೊಂದು ಪ್ರೊಸೆಸರ್ ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಇರುವುದಕ್ಕಿಂತ ಬಹಳವೇನೂ ಚುರುಕಲ್ಲ. ಆದರೆ ಅಂಥವು ಸಾವಿರಾರು ಇವೆ, ಒಟ್ಟಿಗೆ ದುಡಿಯುತ್ತವೆ. ವೇಗ ಹುಟ್ಟುವುದು ಕೆಲಸ ಹಂಚುವುದರಲ್ಲಿ. ಹಂಚುವುದಕ್ಕೂ ಒಂದು ಮಿತಿ ಇದೆ. ಕಡಲೆ ಕೀಳುವ ಹೊಲವನ್ನು ನೆನೆಯಿರಿ. ಒಬ್ಬನಿಗೆ ಇಪ್ಪತ್ತು ತಾಸಿನ ಕೆಲಸ ಎನ್ನೋಣ. ಅದರಲ್ಲಿ ಹತ್ತೊಂಬತ್ತು ತಾಸು ಕೀಳುವುದು, ಅದನ್ನು ಎಷ್ಟು ಆಳಿಗಾದರೂ ಹಂಚಬಹುದು. ಉಳಿದ ಒಂದು ತಾಸು ರಾಶಿ ಯಂತ್ರಕ್ಕೆ ಹಾಕುವುದು, ಯಂತ್ರ ಒಂದೇ. ನೂರಲ್ಲ, ಸಾವಿರ ಆಳು ತಂದು ನಿಲ್ಲಿಸಿದರೂ ಆ ಒಂದು ತಾಸು ಒಂದು ತಾಸೇ. ಇಪ್ಪತ್ತು ಪಟ್ಟಿಗಿಂತ ಹೆಚ್ಚಿನ ವೇಗ ಸಿಕ್ಕುವುದಿಲ್ಲ. 1967ರಲ್ಲಿ ಜೀನ್ ಆಮ್ಡಾಲ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞ ಹೇಳಿದ್ದು ಇದನ್ನೇ. ಹಂಚಲು ಬಾರದ ಆ ‘ಒಂದು ತಾಸ’ನ್ನು ಹುಡುಕಿ, ಅದನ್ನು ಅರ್ಧ ತಾಸಿಗೆ, ಕಾಲು ತಾಸಿಗೆ ಇಳಿಸುವುದು ಈ ವಿಜ್ಞಾನಿಗಳ ಬದುಕಿನ ಮುಖ್ಯ ಕೆಲಸ.

ಹವಾಮಾನದ ಲೆಕ್ಕದಲ್ಲಿ ಇನ್ನೊಂದು ಕಷ್ಟವೂ ಇದೆ. ನರಗುಂದದ ಚೌಕದ ಗಾಳಿ ಹರಿದು ಹೋಗುವುದು ರೋಣದ ಚೌಕಕ್ಕೆ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಪಕ್ಕದ ಚೌಕದ ಉತ್ತರ ಬರುವ ತನಕ ಈ ಚೌಕದ ಲೆಕ್ಕ ಮುಂದೆ ಸಾಗುವಂತಿಲ್ಲ. ಪ್ರೊಸೆಸರ್‌ಗಳು ದುಡಿಯುವುದರ ಜೊತೆಗೆ ಮಾತಾಡಿಕೊಳ್ಳಬೇಕು, ಆ ಮಾತಿಗೆ ಹೊತ್ತು ಬೇಕು. ಚೌಕವನ್ನು ಚಿಕ್ಕದು ಮಾಡಿದರಂತೂ ಕೇಳಲೇಬೇಡಿ. ಚೌಕದ ಬದಿಯನ್ನು ಅರ್ಧ ಮಾಡಿದರೆ ಒಂದು ಚೌಕ ನಾಲ್ಕಾಗುತ್ತದೆ. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ನಾಲ್ಕು ಎಂಟಾಗುತ್ತದೆ. ಊರಿನ ಹತ್ತಿರ ಒಂದು ಹೆಜ್ಜೆ ಬರಬೇಕಾದರೆ ಎಂಟು ಪಟ್ಟು ಯಂತ್ರಬಲ ತೆರಬೇಕು.

ಇನ್ನು ಮನುಷ್ಯರ ಕಡೆಗೆ ಬರೋಣ. ಕರ್ನಾಟಕದಲ್ಲಿ ಈ ವಿದ್ಯೆಯ ಕಥೆಯನ್ನು ಹೇಳಹೊರಟವರು ಪ್ರೊಫೆಸರ್ ವಿ. ರಾಜಾರಾಮನ್ ಅವರಿಂದ ಶುರು ಮಾಡಬೇಕು. ಹುಟ್ಟಿದ್ದು 1933ರಲ್ಲಿ, ತಮಿಳುನಾಡಿನ ಈರೋಡಿನಲ್ಲಿ. ಓದಿದ್ದು ದಿಲ್ಲಿಯಲ್ಲಿ. 1952ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಗೆ ಬಂದರು. ವಿಸ್ಕಾನ್ಸಿನ್ನಿನಿಂದ ಬಂದಿದ್ದ ವಿನ್ಸೆಂಟ್ ರೈಡೌಟ್ ಎಂಬ ಅತಿಥಿ ಪ್ರಾಧ್ಯಾಪಕರ ಕೆಳಗೆ ಅಲ್ಲಿ ಒಂದು ಅನಲಾಗ್ ಕಂಪ್ಯೂಟರ್ ಕಟ್ಟುವ ಕೆಲಸ ನಡೆಯಿತು. ತರುಣ ರಾಜಾರಾಮನ್ ಅದರಲ್ಲಿ ಕೈಜೋಡಿಸಿದರು. ಕಂಪ್ಯೂಟರನ್ನು ಕೊಳ್ಳುವ ಮೊದಲೇ ಕಟ್ಟಿದ ಅನುಭವ ಅದು. ಮುಂದೆ ಎಂ.ಐ.ಟಿ.ಯಲ್ಲಿ ಓದಿ, 1961ರಲ್ಲಿ ವಿಸ್ಕಾನ್ಸಿನ್ನಿನಿಂದ ಡಾಕ್ಟರೇಟ್ ಪಡೆದರು.

ಅಮೆರಿಕದಲ್ಲೇ ಉಳಿಯಬಹುದಿತ್ತು. ಉಳಿಯದೆ ಆಗತಾನೆ ಎದ್ದು ನಿಲ್ಲುತ್ತಿದ್ದ ಕಾನ್ಪುರದ ಐ.ಐ.ಟಿ.ಗೆ ಬಂದರು. 1963ರಲ್ಲಿ ಅಲ್ಲಿಗೆ ಐ.ಬಿ.ಎಂ. 1620 ಎಂಬ ಕಂಪ್ಯೂಟರ್ ಬಂತು. ಯಂತ್ರ ಬಂದರೆ ಸಾಕೇ, ಅದನ್ನು ದುಡಿಸಿಕೊಳ್ಳಲು ಬಲ್ಲವರು ಬೇಕಲ್ಲ? ರಾಜಾರಾಮನ್ ಪಾಠ ಹೇಳಿದರು, ಬೇರೆ ಊರಿನ ಅಧ್ಯಾಪಕರನ್ನೂ ವಿಜ್ಞಾನಿಗಳನ್ನೂ ಕರೆಸಿ ಕಮ್ಮಟ ನಡೆಸಿದರು. ಕಂಪ್ಯೂಟರ್ ವಿಜ್ಞಾನದ ಎಂ.ಟೆಕ್. ಶಿಕ್ಷಣಕ್ಕೆ ಅಲ್ಲೇ ತಳಹದಿ ಹಾಕಿದರು. ಶಿಡ್ಲಘಟ್ಟದಲ್ಲಿ ಹುಟ್ಟಿ ಕಾನ್ಪುರಕ್ಕೆ ಓದಲು ಹೋದ ಎನ್.ಆರ್. ನಾರಾಯಣಮೂರ್ತಿ ರಾಜಾರಾಮನ್ ಅವರ ವಿದ್ಯಾರ್ಥಿ. ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ವಿದೇಶಿ ಪುಸ್ತಕಗಳು ವಿದ್ಯಾರ್ಥಿಯ ಕೈಗೆಟುಕದ ಬೆಲೆಗೆ ಸಿಗುತ್ತಿದ್ದ ಕಾಲ. 1969ರಲ್ಲಿ ಅವರೇ ಒಂದು ಅಗ್ಗದ ಪಠ್ಯ ಬರೆದರು. ಆ ಪುಸ್ತಕ, ಆಮೇಲೆ ಅವರು ಬರೆದ ಹತ್ತಾರು ಪುಸ್ತಕ, ಎಂ.ಸಿ.ಎ. ಪದವಿಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷತೆ, ಇವೆಲ್ಲವನ್ನೂ ಸೇರಿಸಿ ನೋಡಿದರೆ ಅವರ ದೊಡ್ಡ ಕೊಡುಗೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಹುಬ್ಬಳ್ಳಿ, ಗದಗ, ಬಾಗಲಕೋಟೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಓದಿದ ಒಂದು ತಲೆಮಾರು ಅವರ ಮುಖ ನೋಡದೆ ಅವರ ಶಿಷ್ಯಬಳಗವಾಯಿತು.

1982ರಲ್ಲಿ ಅವರು ಬೆಂಗಳೂರಿಗೆ ಮರಳಿದರು. 1994ರವರೆಗೆ ವಿಜ್ಞಾನ ಸಂಸ್ಥೆಯಲ್ಲಿದ್ದು, ಸೂಪರ್ ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವನ್ನು ಬೆಳೆಸಿದರು. ಇದೇ ಕಾಲದಲ್ಲಿ ದೇಶಕ್ಕೆ ಒಂದು ಪೆಟ್ಟು ಬಿತ್ತು. ಆಗ ಸೂಪರ್ ಕಂಪ್ಯೂಟರ್ ಎಂದರೆ ಅಮೆರಿಕದ ಕ್ರೇ. ಭಾರತಕ್ಕೆ ಬೇಕಾಗಿದ್ದ ಯಂತ್ರವನ್ನು ಕೊಡಲು ಅಮೆರಿಕ ಸರ್ಕಾರ ಹಿಂದೆಗೆಯಿತು. ಅಣ್ವಸ್ತ್ರದ ಲೆಕ್ಕಕ್ಕೆ ಬಳಸಿಕೊಂಡಾರು ಎಂಬ ಅನುಮಾನ ಅವರಿಗೆ. ಎಳೆದಾಡಿದ ಮೇಲೆ ಅದಕ್ಕಿಂತ ಸಣ್ಣದಾದ ಕ್ರೇ ಎಕ್ಸ್-ಎಂಪಿ/14 ಸಿಕ್ಕಿತು, ಅದೂ ಹವಾಮಾನದ ಕೆಲಸಕ್ಕೆ ಮಾತ್ರ ಎಂಬ ಕರಾರಿನ ಮೇಲೆ. 1987ರ ಬರದ ನೆನಪು ಹಸಿಯಾಗಿದ್ದಾಗಲೇ, 1988ರಲ್ಲಿ, ದಿಲ್ಲಿಯಲ್ಲಿ ಮಧ್ಯಮಾವಧಿ ಹವಾಮಾನ ಮುನ್ಸೂಚನೆಗೆಂದು ಒಂದು ರಾಷ್ಟ್ರೀಯ ಕೇಂದ್ರ ಹುಟ್ಟಿತು. ಕ್ರೇ ಅಲ್ಲಿ ಕುಳಿತಿತು. ಅದು ಓಡಿಸಿದ ಮಾದರಿಯ ಹೆಸರು ಟಿ-80. ಅದರ ಚೌಕದ ಬದಿ ಸುಮಾರು 150 ಕಿಲೋಮೀಟರ್.

ಈಗ ನಮ್ಮ ಗೆರೆಯನ್ನು ಇಟ್ಟು ನೋಡಿ. 150 ಕಿಲೋಮೀಟರಿನ ಚೌಕದಲ್ಲಿ ನರಗುಂದ, ರೋಣ, ಗಜೇಂದ್ರಗಡ ಮೂರೂ ಒಟ್ಟಿಗೆ ಅಡಗಿಹೋಗುತ್ತವೆ, ಜೊತೆಗೆ ಹುಬ್ಬಳ್ಳಿಯೂ ಬಾಗಲಕೋಟೆಯೂ ಕೂಡ ಒಳಗೆ ಬರಬಹುದು. ಆ ಯಂತ್ರದ ಕಣ್ಣಿಗೆ ಗಜೇಂದ್ರಗಡದ ಗುಡ್ಡ ಇಲ್ಲ, ಬೆಣ್ಣೆಹಳ್ಳ ಇಲ್ಲ. ಇಡೀ ಸೀಮೆಗೆ ಒಂದೇ ಸಂಖ್ಯೆ.

ಕೊಡುವುದಿಲ್ಲ ಎಂದಮೇಲೆ ನಾವೇ ಮಾಡಿಕೊಳ್ಳೋಣ ಎಂಬ ಹಠ ಎರಡು ಕಡೆ ಹುಟ್ಟಿತು. ಒಂದನ್ನು ಎಲ್ಲರೂ ಬಲ್ಲರು. ಸಿ.ಎನ್.ಆರ್. ರಾವ್ ಅವರ ಅಧ್ಯಕ್ಷತೆಯ ಪ್ರಧಾನಿಯ ವಿಜ್ಞಾನ ಸಲಹಾ ಮಂಡಳಿ, ಕೆಲಸವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚುವ ಸಮಾಂತರ ಕಂಪ್ಯೂಟರನ್ನು ದೇಶದಲ್ಲೇ ಕಟ್ಟುವ ದಾರಿ ಹುಡುಕಲು ಒಂದು ಅಧ್ಯಯನ ತಂಡ ಮಾಡಿತು. ಅದರ ಮುಖ್ಯಸ್ಥರು ರಾಜಾರಾಮನ್. ಆ ಶಿಫಾರಸಿನ ಫಲವಾಗಿ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಬಂತು. ವಿಜಯ್ ಭಟ್ಕರ್ ಅವರ ನಾಯಕತ್ವದಲ್ಲಿ 1991ರಲ್ಲಿ ಪರಮ್ 8000 ಸಿದ್ಧವಾಯಿತು. ಟ್ರಾನ್ಸ್‌ಪ್ಯೂಟರ್ ಎಂಬ ಚಿಕ್ಕ ಚಿಕ್ಕ ಚಿಪ್‌ಗಳನ್ನು ಹೆಣೆದು ಮಾಡಿದ ಯಂತ್ರ ಅದು.

ಇನ್ನೊಂದು ಕಥೆ ಬೆಂಗಳೂರಿನದು, ಇದಕ್ಕಿಂತ ಹಳೆಯದು, ಹೇಳುವವರು ಮಾತ್ರ ಕಡಿಮೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಕ್ಕೆ, ಅಂದರೆ ಎನ್.ಎ.ಎಲ್.ಗೆ, 1984ರಲ್ಲಿ ನಿರ್ದೇಶಕರಾಗಿ ಬಂದವರು ಬೆಂಗಳೂರಿನವರೇ ಆದ ರೊದ್ದಂ ನರಸಿಂಹ. ಗಾಳಿ, ನೀರು ಹರಿಯುವ ಬಗೆಯನ್ನು ಬದುಕೆಲ್ಲ ಅಭ್ಯಾಸ ಮಾಡಿದ ವಿಜ್ಞಾನಿ. ವಿಮಾನದ ರೆಕ್ಕೆಯ ಸುತ್ತ ಹರಿಯುವ ಗಾಳಿಯ ಲೆಕ್ಕಕ್ಕೆ ಅವರಿಗೆ ದೊಡ್ಡ ಯಂತ್ರ ಬೇಕಾಗಿತ್ತು, ಕೊಳ್ಳುವ ಹಾಗಿರಲಿಲ್ಲ. ಯು.ಎನ್. ಸಿನ್ಹಾ ಅವರ ಮುಂದಾಳುತನದಲ್ಲಿ ಒಂದು ಚಿಕ್ಕ ತಂಡ ಕೈಹಾಕಿತು. ಆ ಕಾಲದ ಪರ್ಸನಲ್ ಕಂಪ್ಯೂಟರಿನ ವಂಶದ ಇಂಟೆಲ್ 8086 ಚಿಪ್, ಅದಕ್ಕೆ ಲೆಕ್ಕದಲ್ಲಿ ನೆರವಾಗುವ 8087 ಚಿಪ್, ಇಂಥ ನಾಲ್ಕು ಜೋಡಿ ಇಟ್ಟುಕೊಂಡು 1986ರಲ್ಲಿ ಫ್ಲೋಸಾಲ್ವರ್ ಎಂಬ ಯಂತ್ರ ಕಟ್ಟಿದರು. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಅದೇ. ಪರಮ್‌ಗಿಂತ ಐದು ವರ್ಷ ಮೊದಲು.

ನಾಲ್ಕು ಪ್ರೊಸೆಸರಿನ ಆ ಯಂತ್ರವನ್ನು ಈಗ ನೋಡಿದರೆ ನಗು ಬರಬಹುದು. ಆದರೆ ಕೆಲಸವನ್ನು ನಾಲ್ಕಕ್ಕೆ ಹಂಚುವ ವಿದ್ಯೆ ಬಂದರೆ ನಾಲ್ಕು ಸಾವಿರಕ್ಕೆ ಹಂಚುವ ದಾರಿಯೂ ಕಾಣುತ್ತದೆ. ಫ್ಲೋಸಾಲ್ವರ್ ಒಂದರ ಹಿಂದೆ ಒಂದು ಆವೃತ್ತಿಯಾಗಿ ಬೆಳೆಯಿತು. 1990ರ ದಶಕದಲ್ಲಿ, ಕ್ರೇ ಮೇಲೆ ಓಡುತ್ತಿದ್ದ ಟಿ-80 ಮಾದರಿಯನ್ನೇ ನಿಮ್ಮ ಯಂತ್ರದಲ್ಲಿ ಓಡಿಸಿ ತೋರಿಸಿ ಎಂಬ ಸವಾಲು ದೇಶದ ಸಮಾಂತರ ಕಂಪ್ಯೂಟರ್ ತಂಡಗಳ ಮುಂದೆ ಬಂತು. ಬೆಂಗಳೂರಿನ ತಂಡ ಅದನ್ನು ಓಡಿಸಿತು. ಹೀಗೆ ವಿಮಾನಕ್ಕೆಂದು ಹುಟ್ಟಿದ ಯಂತ್ರ ಮಳೆಯ ಕಡೆ ತಿರುಗಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಯಂತ್ರ ಹೊಸದಾದರೂ ಅದರ ಮೇಲೆ ಓಡುವ ಪ್ರೋಗ್ರಾಮ್ ಹಳೆಯದು. ಬೇರೆ ದೇಶದಲ್ಲಿ, ಬೇರೆ ಯಂತ್ರಕ್ಕಾಗಿ, ಹತ್ತಾರು ಕೈಗಳು ಸಾವಿರಾರು ಸಾಲು ಬರೆದು ಬೆಳೆಸಿದ್ದು. ಒಳಗೆ ಏನಿದೆ ಎಂಬುದು ಪೂರ್ತಿ ಯಾರಿಗೂ ತಿಳಿಯದು. ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ವಿಜ್ಞಾನಿ ರವಿ ನಂಜುಂಡಯ್ಯ ಮತ್ತು ಎನ್.ಎ.ಎಲ್.ನ ಸಿನ್ಹಾ ಆ ಕೋಡನ್ನು ಫೋರ್ಟ್ರಾನ್-90 ಭಾಷೆಯಲ್ಲಿ ಹೊಸದಾಗಿ ಬರೆಯುವ ಕೆಲಸ ಹಿಡಿದರು. 1999ರಲ್ಲಿ ಅದರ ಫಲವನ್ನು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ಆ ದಾರಿಯಲ್ಲಿ ಬೆಳೆದ ಮಾದರಿಗೆ ‘ವರ್ಷ’ ಎಂದು ಹೆಸರಿಟ್ಟರು. ಪರರ ಕೋಡನ್ನು ಬಿಚ್ಚಿ, ಅರ್ಥ ಮಾಡಿಕೊಂಡು, ತಿರುಗಿ ಕಟ್ಟುವುದು ಹೊಸ ಯಂತ್ರ ಕಟ್ಟುವಷ್ಟೇ ಕಷ್ಟ. ಅದಕ್ಕೆ ಉದ್ಘಾಟನೆ ಇಲ್ಲ, ಫೋಟೋ ಇಲ್ಲ. ಆದರೆ ಮುನ್ಸೂಚನೆ ಯಾಕೆ ತಪ್ಪಿತು ಎಂದು ಕೇಳಿದಾಗ ಒಳಗೆ ಕೈಹಾಕಿ ಉತ್ತರ ಹುಡುಕಬಲ್ಲವರು ಇಂಥ ಕೆಲಸ ಮಾಡಿದವರೇ. ಅದೇ ನಂಜುಂಡಯ್ಯ 2017ರಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ನಿರ್ದೇಶಕರಾದರು. 2018ರ ಜನವರಿಯಲ್ಲಿ ಅಲ್ಲಿ 4 ಪೆಟಾಫ್ಲಾಪ್ ಬಲದ ‘ಪ್ರತ್ಯೂಷ್’ ಚಾಲನೆಗೊಂಡಾಗ ಸಂಸ್ಥೆಯ ಚುಕ್ಕಾಣಿ ಅವರ ಕೈಯಲ್ಲಿತ್ತು.

ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಕೋಟಿ ಲೆಕ್ಕವನ್ನು ಹತ್ತು ಕೋಟಿ ಸಲ ಮಾಡಿದಷ್ಟು. ಕ್ರೇ ಎಕ್ಸ್-ಎಂಪಿ/14ರ ಗರಿಷ್ಠ ಬಲ ಸೆಕೆಂಡಿಗೆ ಇಪ್ಪತ್ತು ಕೋಟಿ ಲೆಕ್ಕದ ಆಚೆ ಈಚೆ. ಮೂವತ್ತು ವರ್ಷದಲ್ಲಿ ಬಲ ಕೋಟಿ ಪಟ್ಟು ದಾಟಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ‘ಸಹಸ್ರ-ಟಿ’ ಬಂತು, ಅದೂ ಕ್ರೇ ಕಂಪನಿಯದೇ. ಒಂದು ಕಾಲಕ್ಕೆ ಕೊಡುವುದಿಲ್ಲ ಎಂದ ಯಂತ್ರದ ಮೊಮ್ಮಗ ಎನ್ನಬಹುದು. ಅದೇ ವರ್ಷ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಮಂಜೂರಾಯಿತು. ಅದರ ಹೊಣೆ ಹೊತ್ತ ಎರಡು ಸಂಸ್ಥೆಗಳು ಪುಣೆಯ ಸಿ-ಡ್ಯಾಕ್ ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆ. 2022ರಲ್ಲಿ ಅದೇ ಮಿಷನ್ ಅಡಿಯಲ್ಲಿ ಬೆಂಗಳೂರಿಗೆ 3.3 ಪೆಟಾಫ್ಲಾಪ್ ಬಲದ ‘ಪರಮ್ ಪ್ರವೇಗ’ ಬಂತು. 2024ರ ಸೆಪ್ಟೆಂಬರಿನಲ್ಲಿ ಪುಣೆಗೆ 11.77 ಪೆಟಾಫ್ಲಾಪಿನ ‘ಅರ್ಕ’, ನೋಯ್ಡಾಕ್ಕೆ 8.24 ಪೆಟಾಫ್ಲಾಪಿನ ‘ಅರುಣಿಕಾ’ ಬಂದವು. ಎರಡೂ ಹವಾಮಾನಕ್ಕೇ ಮೀಸಲು.

ಯಂತ್ರ ಬೆಳೆದಂತೆ ಚೌಕ ಕುಗ್ಗಿತು. ನೂರೈವತ್ತು ಕಿಲೋಮೀಟರ್ ಇದ್ದದ್ದು ಐವತ್ತಾಯಿತು, ಇಪ್ಪತ್ತೈದರ ಹತ್ತಿರ ಬಂತು, ಹನ್ನೆರಡಾಯಿತು. 2025ರ ಮೇ 26ರಂದು ದೇಶಕ್ಕೆ ಅರ್ಪಿಸಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನಲ್ಲಿ ಅದು ಆರು ಕಿಲೋಮೀಟರ್. ಪುಣೆಯ ಹವಾಮಾನ ಸಂಸ್ಥೆಯವರೇ ಬೆಳೆಸಿದ ಮಾದರಿ ಇದು. ನಮ್ಮ ಗೆರೆಯ ಮೇಲೆ ಈಗ ಒಂದು ಚೌಕದ ಬದಲು ಸುಮಾರು ಹತ್ತು ಚೌಕ. ನರಗುಂದಕ್ಕೆ ಬೇರೆ, ರೋಣಕ್ಕೆ ಬೇರೆ, ಗಜೇಂದ್ರಗಡಕ್ಕೆ ಬೇರೆ ಲೆಕ್ಕ. ನೂರೈವತ್ತರಿಂದ ಆರಕ್ಕೆ ಇಳಿಯುವುದೆಂದರೆ ಇಪ್ಪತ್ತೈದು ಪಟ್ಟು ಚಿಕ್ಕದಾಗುವುದು. ಮೊದಲು ಹೇಳಿದ ಲೆಕ್ಕದಂತೆ ಇಪ್ಪತ್ತೈದನ್ನು ಮೂರು ಸಲ ಗುಣಿಸಿ ನೋಡಿ: 15,625 ಪಟ್ಟು ದುಡಿಮೆ. ಎತ್ತರದ ಪದರಗಳನ್ನು ಹೆಚ್ಚಿಸಿದರೆ ಇನ್ನೂ ಹೆಚ್ಚು.

ಇಷ್ಟು ದೊಡ್ಡ ಯಂತ್ರದ ಜೊತೆ ದಿನ ಕಳೆಯುವವರ ಕೆಲಸ ಹೇಗಿರುತ್ತದೆ? ಗುಂಡಿ ಒತ್ತಿದರೆ ಉತ್ತರ ಬರುವ ಕೆಲಸವಲ್ಲ. ವಿಜ್ಞಾನಿ ತನ್ನ ಲೆಕ್ಕವನ್ನು ಸರದಿಗೆ ಹಾಕಬೇಕು. ಬೇರೆಯವರ ಲೆಕ್ಕ ಮುಗಿದ ಮೇಲೆ ತನ್ನದು. ಸಾವಿರಾರು ಬಿಡಿಭಾಗಗಳಲ್ಲಿ ಒಂದಲ್ಲ ಒಂದು ಆಗಾಗ ಕೆಡುತ್ತಲೇ ಇರುತ್ತದೆ. ಅದಕ್ಕಾಗಿ ನಡುನಡುವೆ ಲೆಕ್ಕವನ್ನು ಉಳಿಸಿಕೊಳ್ಳುತ್ತ ಹೋಗಬೇಕು, ಕೆಟ್ಟಾಗ ಮೊದಲಿನಿಂದಲ್ಲ, ಉಳಿಸಿದ ಕಡೆಯಿಂದ ಶುರು ಮಾಡಲು. ಸಾವಿರ ಪ್ರೊಸೆಸರ್‌ಗಳು ತಮ್ಮ ತಮ್ಮ ಉತ್ತರವನ್ನು ಕೂಡಿಸುವಾಗ, ಕೂಡುವ ಕ್ರಮ ಬದಲಾದರೆ ಕೊನೆಯ ದಶಮಾಂಶ ಬದಲಾಗುತ್ತದೆ. ಹವೆಯ ಲೆಕ್ಕದಲ್ಲಿ ಆ ಕೊನೆಯ ಅಂಕಿಯೇ ಮುಂದೆ ಬೆಳೆದು ದೊಡ್ಡದಾಗಬಲ್ಲದು. ಉತ್ತರ ಬದಲಾದದ್ದು ಪ್ರೋಗ್ರಾಮಿನ ತಪ್ಪಿನಿಂದಲೋ, ಕೂಡುವ ಕ್ರಮದಿಂದಲೋ ಎಂದು ಹುಡುಕುವುದರಲ್ಲೇ ತಿಂಗಳು ಕಳೆಯಬಹುದು. ಎಲ್ಲಕ್ಕೂ ಮೇಲೆ ಹೊತ್ತಿನ ಕಟ್ಟು. ನಾಳಿನ ಮಳೆಯ ಲೆಕ್ಕ ನಾಡಿದ್ದು ಮುಗಿದರೆ ಅದರಿಂದ ಏನು ಫಲ? ಪ್ರತ್ಯೂಷ್ ಹತ್ತು ತಾಸು ತೆಗೆದುಕೊಳ್ಳುತ್ತಿದ್ದ ಲೆಕ್ಕವನ್ನು ಅರ್ಕ ನಾಲ್ಕು ತಾಸಿನೊಳಗೆ ಮುಗಿಸುತ್ತದೆ ಎಂದು ಹೇಳುತ್ತಾರೆ. ಆ ಉಳಿದ ಆರು ತಾಸು ರೈತನಿಗೆ ಸಿಕ್ಕ ಮುಂಗಡ.

ಆ ಮುಂಗಡದ ಬೆಲೆ ನಮ್ಮ ಸೀಮೆಗೆ ಗೊತ್ತು. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆಗೆ ಮಲಪ್ರಭೆ, ಬೆಣ್ಣೆಹಳ್ಳ ಎರಡೂ ಉಕ್ಕಿ ರೋಣ, ನರಗುಂದ ತಾಲೂಕುಗಳ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು. 2019ರ ಆಗಸ್ಟಿನಲ್ಲಿ ನರಗುಂದ ತಾಲೂಕಿನ ಕೊಣ್ಣೂರು ಮತ್ತೆ ಆ ಪಾಡು ಪಟ್ಟಿತು. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟಿನಿಂದ ಎಷ್ಟು ನೀರು, ಯಾವಾಗ ಬಿಡಬೇಕು ಎಂಬ ತೀರ್ಮಾನಕ್ಕೆ ಮೇಲಿನ ಖಾನಾಪುರದ ಕಾಡಿನಲ್ಲಿ ಎಷ್ಟು ಮಳೆಯಾದೀತು ಎಂಬ ಲೆಕ್ಕ ಬೇಕು. ಹೆಸರು ಬೆಳೆದವನಿಗೆ ಕಟಾವಿನ ವಾರದ ಮಾತು ಬೇಕು. ಒಣಗಿದ ಕಾಯಿಯ ಮೇಲೆ ಎರಡು ದಿನ ಮಳೆ ಹೊಡೆದರೆ ಕಾಳು ಕಪ್ಪಾಗಿ ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಗಜೇಂದ್ರಗಡದ ಗುಡ್ಡದ ಗಾಳಿಯಂತ್ರದವರಿಗೆ ಗಾಳಿಯ ಲೆಕ್ಕ ಬೇಕು. ನಾಳೆ ಎಷ್ಟು ವಿದ್ಯುತ್ ಕೊಡುತ್ತೇವೆಂದು ದಿನವನ್ನು ಹದಿನೈದು ನಿಮಿಷದ 96 ಭಾಗ ಮಾಡಿ ಮೊದಲೇ ಹೇಳಬೇಕಾದ ನಿಯಮವಿದೆ. ಮೂರು ಊರು, ಮೂರು ಬೇರೆ ಬೇರೆ ಪ್ರಶ್ನೆ. ಮೂರಕ್ಕೂ ಉತ್ತರ ಅದೇ ಯಂತ್ರದಿಂದ.

ಹಾಗೆಂದು ಎಲ್ಲವೂ ಗೆದ್ದಂತಾಯಿತು ಎಂದು ಹೇಳಿದರೆ ಕೇಳುಗರಿಗೆ ಮೋಸ ಮಾಡಿದಂತೆ. ಏಪ್ರಿಲ್–ಮೇ ತಿಂಗಳ ಅಡ್ಡಮಳೆಯನ್ನು ನೋಡಿ. ಮಧ್ಯಾಹ್ನ ಎದ್ದ ಮೋಡ ನಾಲ್ಕೈದು ಕಿಲೋಮೀಟರ್ ಅಗಲದಲ್ಲಿ ಗುಡುಗಿ, ಸುರಿದು, ಒಂದು ತಾಸಿನಲ್ಲಿ ಕರಗಿಹೋಗುತ್ತದೆ. ಆರು ಕಿಲೋಮೀಟರ್ ಚೌಕದ ಬಲೆಯಿಂದ ಅದು ನುಸುಳಿಕೊಳ್ಳುತ್ತದೆ. ಮೇಲಾಗಿ, ಎಷ್ಟೇ ಚಿಕ್ಕ ಚೌಕವಿದ್ದರೂ ಶುರುವಿನ ಅಳತೆಯಲ್ಲಿ ಕೂದಲೆಳೆಯ ತಪ್ಪಿದ್ದರೆ ಕೆಲವು ದಿನಗಳಾಚೆಯ ಉತ್ತರ ಬೇರೆಯೇ ಆಗುತ್ತದೆ ಎಂದು 1963ರಲ್ಲೇ ಎಡ್ವರ್ಡ್ ಲೊರೆಂಝ್ ಎಂಬ ಹವಾಮಾನ ವಿಜ್ಞಾನಿ ತೋರಿಸಿದ್ದಾನೆ. ಅದಕ್ಕೆ ವಿಜ್ಞಾನಿಗಳು ಕಂಡುಕೊಂಡ ದಾರಿ, ಒಂದೇ ಲೆಕ್ಕವನ್ನು ಶುರುವಿನ ಅಂಕಿಗಳನ್ನು ತುಸು ತುಸು ಬದಲಿಸಿ ಹಲವು ಸಲ ಓಡಿಸುವುದು. 2018ರಿಂದ ನಮ್ಮ ದೇಶದಲ್ಲಿ ಹನ್ನೆರಡು ಕಿಲೋಮೀಟರ್ ಚೌಕದ ಮಾದರಿಯನ್ನು ಹೀಗೆ 21 ಸಲ ಓಡಿಸತೊಡಗಿದರು. ಇಪ್ಪತ್ತೊಂದರಲ್ಲಿ ಹದಿನೇಳು ಸಲ ಮಳೆ ಬಂದರೆ ‘ಮಳೆಯ ಸಾಧ್ಯತೆ ಶೇಕಡಾ 80’ ಎಂಬ ಮಾತು ಹುಟ್ಟುತ್ತದೆ. ಸಾಧ್ಯತೆ ಎಂಬುದು ಜಾರಿಕೊಳ್ಳುವ ಮಾತಲ್ಲ, ಅದೂ ಒಂದು ಲೆಕ್ಕ. ಅದನ್ನು ಹೇಗೆ ಬಳಸಿಕೊಳ್ಳಬೇಕೆಂಬುದನ್ನು ನಾವೂ ಕಲಿಯಬೇಕು. ಶೇಕಡಾ 30 ಎಂದ ದಿನ ಮಳೆ ಬಂದರೆ ಲೆಕ್ಕ ತಪ್ಪಿತು ಎಂದು ಅರ್ಥವಲ್ಲ.

ಯಂತ್ರಕ್ಕೆ ಉಣಿಸಲು ಅಳತೆಗಳೂ ಬೇಕು. ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿ ಮಟ್ಟದಲ್ಲಿ ತಾನಾಗಿಯೇ ಅಂಕಿ ಕಳಿಸುವ ಮಳೆಮಾಪಕ ಹಾಕಿದ್ದಾರೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತದೆ. ನಿಮ್ಮ ಪಂಚಾಯತಿಯ ಮಾಪಕದ ಮೇಲೆ ಗಿಡದ ಟೊಂಗೆ ಬೆಳೆದಿದ್ದರೆ, ಯಾರಾದರೂ ಬಟ್ಟೆ ಒಣಹಾಕಿದ್ದರೆ, ಪುಣೆಯ ಯಂತ್ರದ ಉತ್ತರವನ್ನು ಸರಿಯೋ ತಪ್ಪೋ ಎಂದು ಒರೆಹಚ್ಚುವ ಅಂಕಿಯೇ ಕೆಟ್ಟಂತೆ. ಅದನ್ನು ನೋಡಿಕೊಳ್ಳುವುದೂ ಈ ವಿಜ್ಞಾನದ ಒಂದು ಭಾಗವೇ.

ಈಗ ವಿದ್ಯಾರ್ಥಿಗಳಿಗೆ, ಅವರ ತಾಯಿ ತಂದೆಯರಿಗೆ ಎರಡು ಮಾತು. ಕಂಪ್ಯೂಟರ್ ಓದಿದರೆ ಬೆಂಗಳೂರಿನಲ್ಲಿ ಕಂಪನಿ ನೌಕರಿ ಎಂಬುದು ಮನೆಮನೆಯ ಲೆಕ್ಕ. ತಪ್ಪೇನಿಲ್ಲ. ಆದರೆ ಇನ್ನೊಂದು ದಾರಿಯೂ ಇದೆ. ಗಣಿತ ಗಟ್ಟಿಯಾಗಿರಬೇಕು, ಅದರಲ್ಲೂ ಕ್ಯಾಲ್ಕುಲಸ್ ಮತ್ತು ಸಂಖ್ಯಾ ವಿಧಾನ. ಭೌತಶಾಸ್ತ್ರದ ಮೇಲೆ ಪ್ರೀತಿ ಇರಬೇಕು. ಸಿ ಭಾಷೆ ಬರಬೇಕು. 1957ರಲ್ಲಿ ಹುಟ್ಟಿದ ಫೋರ್ಟ್ರಾನ್ ಹವಾಮಾನದ ಕೋಡುಗಳಲ್ಲಿ ಇವತ್ತಿಗೂ ದುಡಿಯುತ್ತಿದೆ, ಅದನ್ನೂ ಕಲಿಯಬೇಕು. ಪ್ರೊಸೆಸರ್‌ಗಳು ತಮ್ಮತಮ್ಮೊಳಗೆ ಮಾತಾಡುವ ಎಂಪಿಐ ಎಂಬ ಪದ್ಧತಿಯನ್ನು ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದು ರೂಪಾಯಿ ಖರ್ಚಿಲ್ಲದೆ ಅಭ್ಯಾಸ ಮಾಡಬಹುದು. ಹೋಗಿ ಸೇರಲು ಮೊದಲಿನಂತೆ ಕಾನ್ಪುರವೇ ಆಗಬೇಕಿಲ್ಲ. ಧಾರವಾಡದಲ್ಲಿ ಐ.ಐ.ಟಿ. ಇದೆ, ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ ಇದೆ, ಪುಣೆಯಲ್ಲಿ ಸಿ-ಡ್ಯಾಕ್ ಮತ್ತು ಹವಾಮಾನ ಸಂಸ್ಥೆ ಇವೆ. ಸಂಬಳ ಸಾಫ್ಟ್‌ವೇರ್ ಕಂಪನಿಯಷ್ಟು ಇರಲಾರದು. ಹತ್ತು ವರ್ಷ ಹೆಸರು ಬಾರದೆಯೂ ಇರಬಹುದು. ರಾಜಾರಾಮನ್ ಮೊದಲ ಯಂತ್ರಕ್ಕೆ ಕೈಹಾಕಿದ್ದು ಇಪ್ಪತ್ತರ ಹರೆಯದಲ್ಲಿ, ಸಿ-ಡ್ಯಾಕ್‌ಗೆ ದಾರಿ ಮಾಡಿದ ಆ ತಂಡವನ್ನು ನಡೆಸಿದ್ದು ಐವತ್ತು ದಾಟಿದ ಮೇಲೆ. 1998ರಲ್ಲಿ ಪದ್ಮಭೂಷಣ ಬಂದಾಗ ಅವರಿಗೆ ಅರವತ್ತೈದರ ಹತ್ತಿರ.

ಇನ್ನೂ ಉಳಿದಿರುವ ಕೆಲಸವನ್ನು ಹೇಳಿ ಮುಗಿಸುತ್ತೇನೆ. ಅಡ್ಡಮಳೆಯ ಮೋಡವನ್ನು ಹಿಡಿಯಬೇಕಾದರೆ ಚೌಕ ಆರು ಕಿಲೋಮೀಟರಿನಿಂದ ಒಂದಕ್ಕೆ ಇಳಿಯಬೇಕು. ಆಗ ನಮ್ಮ ಗೆರೆಯ ಮೇಲೆ ಅರವತ್ತು ಚೌಕ, ಹಳ್ಳಿಗೊಂದು ಎನ್ನುವ ಮಟ್ಟಿಗೆ. ಆರನ್ನು ಮೂರು ಸಲ ಗುಣಿಸಿದರೆ 216. ಈಗಿನದಕ್ಕಿಂತ ಇನ್ನೂರ ಹದಿನಾರು ಪಟ್ಟು ದುಡಿಮೆ, ಅದೂ ಅಷ್ಟೇ ತಾಸಿನಲ್ಲಿ, ತಾಳಿಕೊಳ್ಳುವಷ್ಟು ವಿದ್ಯುತ್ತಿನಲ್ಲಿ. ಬರೀ ದೊಡ್ಡ ಯಂತ್ರ ಕೊಂಡು ಇದನ್ನು ಸಾಧಿಸಲು ಆಗದು, ಹಂಚಲು ಬಾರದ ಆ ಒಂದು ತಾಸನ್ನು ಯಾರಾದರೂ ಮತ್ತೆ ಕೊರೆಯಬೇಕು. ಮಳೆ ತಪ್ಪಿದರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಕಂಡು ಬೆಳೆದ ಹುಡುಗಿಯೋ ಹುಡುಗನೋ, ರೋಣದಿಂದಲೋ ನರಗುಂದದಿಂದಲೋ ಗಜೇಂದ್ರಗಡದಿಂದಲೋ ಹೋಗಿ ಆ ಕೆಲಸ ಹಿಡಿದರೆ, ಒಂದು ಚೌಕದಲ್ಲಿ ಯಾವ ಊರು ಇದೆ ಎಂಬುದನ್ನು ಅವರಿಗೆ ಯಾರೂ ನಕಾಶೆ ತೋರಿಸಿ ಹೇಳಿಕೊಡಬೇಕಾಗುವುದಿಲ್ಲ.